ಹೊಸಿಲ ಮುಂದಿನ ಜೋಡಿ ಸಂತೋಷ

"ನಮ್ಮ ಮದುವೆಯಾಗಿ ಒಂಬತ್ತು ವರ್ಷ ಆಯ್ತು ಅಂತ ಹೇಳೋಕೆ ನಿಮಗೇನು ಕಷ್ಟ?"

"ಹೇಳಿದೆ ಕಣೇ. ಒಂಬತ್ತು ವರ್ಷ ಒಟ್ಟಿಗಿದ್ದು ಕೊನೆಗಾದ್ರೂ ಮದುವೆ ಆದ್ರಲ್ಲ ಅಂತ ಇನ್ನೂ ಜೋರಾಗಿ ಕೈ ಕುಲುಕಿದ್ರು."

ವತ್ಸಲಾ ಸೌಟು ಕುಕ್ಕಿದಳು. ೧೯೭೩ರ ಆ ಭಾನುವಾರ, ಪರದೇಶದ ವುಡ್‌ರಿಡ್ಜ್ ಊರಿನ ತಮ್ಮದೇ ಅಡಿಗೆಮನೆಯಲ್ಲಿ ಗಂಡ ಹೆಂಡತಿ ಪಿಸುಮಾತಿನಲ್ಲಿ ಜಗಳವಾಡಬೇಕಾದ ಗತಿ ಬಂದಿತ್ತು. ಆಚೆ ಸೋಫಾದ ಮೇಲೆ ದ್ವಾರಕಾನಾಥನ ಆಫೀಸಿನ ಲಿನ್ ಮತ್ತು ಅವನ ಹೆಂಡತಿ ಕೆಂಪು ರೇಷ್ಮೆಯ ರಜಾಯಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನವದಂಪತಿಗಳಿಗೆ ಉಡುಗೊರೆಯಂತೆ.

ಎಲ್ಲಾ ರಂಗೋಲಿಯ ಕಿತಾಪತಿ. ಲಿನ್ ತನ್ನ ತಮ್ಮನ ಮದುವೆಯ ಸಿಹಿ ಹಂಚಿದ್ದ ಡಬ್ಬಿಯ ಮೇಲೆ ಒಂದು ಚೀನೀ ಅಕ್ಷರವಿತ್ತು. ಒಂದೇ ಥರದ ಎರಡು ಅಕ್ಷರ ಹೆಗಲಿಗೆ ಹೆಗಲು ಕೊಟ್ಟು ನಿಂತ ಹಾಗೆ. ಎಡಬಲ ಅಷ್ಟು ಚೆನ್ನಾಗಿ ಕೂಡುವ ಮಾದರಿ ಕಣ್ಣಿಗೆ ಬಿದ್ದರೆ ಬಿಡುವವಳೇ ವತ್ಸಲಾ? ಶುಕ್ರವಾರ ಬಾಗಿಲ ಮುಂದೆ ಬಿಡಿಸಿ, ಕುಂಕುಮವನ್ನೂ ತುಂಬಿದ್ದಳು. ಪಕ್ಕದ ಬೀದಿಯ ಲಿನ್ ಅದನ್ನು ಕಂಡು ಹಿಗ್ಗಿಹೋಗಿದ್ದ.

"ಅದರಲ್ಲಿ ಒಂದೊಂದೂ ಸಂತೋಷವಂತೆ," ಎಂದ ದ್ವಾರಕಾನಾಥ. "ಒಂದನ್ನ ಯಾವಾಗ ಬೇಕಾದ್ರೂ ಬರೀಬಹುದು. ಎರಡು ಜೋಡಿಸಿದ್ರೆ ಮದುವೆ ಮನೆ. ಬಾಗಿಲಿಗೆ, ಹಾಸಿಗೆಗೆ, ಟೀ ಬಟ್ಟಲಿಗೆ, ಎಲ್ಲಾ ಕಡೆ ಹಾಕ್ತಾರಂತೆ."

"ಹಾಗಾದ್ರೆ ಇಷ್ಟು ವರ್ಷ ನಾವು ಸುಮ್ಮನೆ ಕೂಡಿಕೊಂಡಿದ್ವಾ? ನಾಳೆ ನಿಮ್ಮ ಆಫೀಸಿಗೆಲ್ಲ ಗೊತ್ತಾಗತ್ತೆ. ನಾನು ಹೇಗೆ ಮುಖ ತೋರಿಸ್ಲಿ? ಹೋಗಿ, ಮದುವೆ ಫೋಟೋ ತೋರಿಸಿ."

ಫೋಟೋ ಹಿಡಿದು ಹೋದ ದ್ವಾರಕಾನಾಥ ಮುಖ ಸಣ್ಣದು ಮಾಡಿಕೊಂಡು ಬಂದ.

"ಈ ಹುಡುಗಿ ಯಾಕೆ ಅಳ್ತಿದಾಳೆ ಅಂತ ಕೇಳ್ತಿದಾರೆ."

"ಹೋಮದ ಹೊಗೆ ಅನ್ನಿ."

"ಅಂದೆ. ಮನೆಗೆ ಬೆಂಕಿ ಬಿದ್ದಿತ್ತಾ ಅಂದ್ರು."

"ಸಾಕು. ಒಂದನ್ನ ಅಳಿಸಿಬಿಡ್ತೀನಿ. ಬರೀ ಸಂತೋಷ ಉಳೀಲಿ."

ಒದ್ದೆ ಬಟ್ಟೆ ಹಿಡಿದು ಅವಳು ಹಿಂಬಾಗಿಲಿನಿಂದ ಸುತ್ತಿ ಹೋದಳು. ಅಳುವ ಫೋಟೋವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ ಲಿನ್‌ನ ಹೆಂಡತಿಗೆ, ಹೊಸ ಮದುವಣಗಿತ್ತಿ ತನ್ನ ಮದುವೆಯ ಅರ್ಧವನ್ನು ಉಜ್ಜಿ ಉಜ್ಜಿ ಅಳಿಸುತ್ತಿರುವುದು ಕಿಟಕಿಯಲ್ಲಿ ಕಂಡಿತು. ಆಕೆ ಓಡಿಹೋಗಿ ವತ್ಸಲಾಳ ಕೈ ಹಿಡಿದುಕೊಂಡಳು. ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ, ಈ ಗಂಡಸು ನಿನಗೆ ನಿಜವಾಗಿಯೂ ಬೇಕೇ, ಬೇಡವಾದರೆ ಈಗಲೇ ಹೇಳು, ನಮ್ಮ ಕಾರು ಇಲ್ಲೇ ಇದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ವತ್ಸಲಾ ಉಜ್ಜುವುದನ್ನು ಬಿಟ್ಟು ಎದ್ದು ನಿಂತಳು. ಮೈಸೂರಿನಲ್ಲಿ ಅವಳನ್ನು ನೋಡಲು ಹೋದ ದಿನ ದ್ವಾರಕಾನಾಥನ ಕಡೆಯವರು ನಕ್ಷತ್ರ ಕೇಳಿದ್ದರು, ಹಾಡಲು ಬರುತ್ತದೆಯೇ ಎಂದು ಕೇಳಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ದ್ವಾರಕಾನಾಥ ಹೊಸಿಲು ದಾಟಿ ಹತ್ತಿರ ಬಂದ.

"ಹೂಂ ಅನ್ನೇ," ಎಂದ.

ವತ್ಸಲಾ ಒದ್ದೆ ಬಟ್ಟೆಯನ್ನು ಅವನ ಕೈಗೆ ಕೊಟ್ಟಳು. ಒಳಗೆ ಬಂದು, ಸೆರಗು ಸರಿಮಾಡಿಕೊಂಡು, ಸೋಫಾದ ನಡುವೆ ಕೂತಳು.

"ಆವತ್ತು ಕಾಫಿ ನಾನು ತಂದೆ, ನೀವು ಕುಡಿದ್ರಿ. ಇವತ್ತು ನೀವು ತನ್ನಿ. ಒಪ್ಪಿಗೆಯೋ ಇಲ್ವೋ, ಊರಿಗೆ ಹೋಗಿ ಕಾಗದ ಬರೀತೀನಿ."