ಸಮುದ್ರವಿಲ್ಲದ ಊರಿನ ರೈಲುಸುಖ

ಎರಡು ಊರುಗಳ ನಡುವೆ ದಿನಾ ಅದೇ ರೈಲು, ಅದೇ ಮಂದಿ ಓಡಾಡುವಲ್ಲಿ ನಗೆಗೆ ಎಂದೂ ಬರ ಬೀಳುವುದಿಲ್ಲ. ಬರ ಬೀಳುವುದು ನೀರಿಗೆ ಮಾತ್ರ.

ನಾನು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಇರುವವ, ಧಾರವಾಡದ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವ. ಶಾಲೆಯನ್ನು ಸಣ್ಣವನಿದ್ದಾಗಲೇ ಬಿಟ್ಟೆ. ಮುಂದೆ ಕಲಿತದ್ದೆಲ್ಲ ದೊಡ್ಡವರ ಬರಹದ ಮೊಳೆಗಳನ್ನು ತಲೆಕೆಳಗಾಗಿ ಓದಿ. ಅದಕ್ಕೇ ಇರಬೇಕು, ಅವರ ಮಾತೂ ನನಗೆ ತಲೆಕೆಳಗಾಗಿಯೇ ಕಾಣುತ್ತದೆ.

ಒಂದೂರಲ್ಲಿ ಮಲಗಿ ಇನ್ನೊಂದೂರಲ್ಲಿ ದುಡಿಯುವ ಈ ಬಾಳಿನಲ್ಲಿ ಏನು ಸುಖ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಒಂದೊಂದಾಗಿ ಹೇಳುತ್ತೇನೆ.

ಗಾಳಿ

ನಮ್ಮ ಮುಂಜಾನೆಯ ಗಾಡಿಗೆ ಒಬ್ಬ ವಕೀಲರು ಬರುತ್ತಿದ್ದರು. ಮನೆ ಹುಬ್ಬಳ್ಳಿ, ಕೋರ್ಟು ಧಾರವಾಡ. ಕೂಡುವುದು ಎರಡನೇ ದರ್ಜೆಯಲ್ಲಿ. ಆದರೆ ಭಾಷಣಕ್ಕೆ ಮಂದಿ ಬೇಕಲ್ಲ, ಗಾಡಿ ಬರುವವರೆಗೆ ಮೂರನೇ ದರ್ಜೆಯ ನಮ್ಮ ನಡುವೆಯೇ ನಿಲ್ಲುತ್ತಿದ್ದರು. ಹಿಂದೆ ಕೆಲವು ವರ್ಷ ಮುಂಬಯಿಯಲ್ಲಿ ಇದ್ದು ಬಂದವರು. ಅವರು ಆ ಊರು ಬಿಟ್ಟಿದ್ದರು, ಆ ಊರು ಅವರ ಬಾಯಿ ಬಿಟ್ಟಿರಲಿಲ್ಲ.

“ಊರಂದ್ರ ಮುಂಬಯಿ ನೋಡ್ರಿ. ಸಮುದ್ರದ ದಂಡೀಗೆ ಮನಿ. ಮುಂಜಾನೆ ಲೋಕಲ್ ಗಾಡಿ ಹತ್ತಿ ಕಿಡಕಿ ಬಾಜೂಕ ಕೂತ್ರ, ತಂಪನ್ನ ಗಾಳಿ ಮಾರೀಗೆ ಬಡೀತದ. ಆಫೀಸ ಮುಟ್ಟೂದ್ರಾಗ ಮನಸ್ಸು ಹೂವಾಗಿರ್ತದ. ಇಲ್ಲೇನದ? ಹತ್ತೀ ಧೂಳ, ಇಂಜಿನ್ನಿನ ಹೊಗಿ!”

ಪಕ್ಕದಲ್ಲಿ ನಮ್ಮ ಚಾಚಾ ನಿಂತಿದ್ದ. ತಗಡಿನ ಕಂದೀಲು, ಡಬ್ಬಿ, ಲೋಟ ಮಾಡಿ ಧಾರವಾಡದ ಪೇಟೆಗೆ ಒಯ್ದು ಮಾರುವ ಮುಸಲ್ಮಾನ ಮುದುಕ. ಮೈಯೆಲ್ಲ ಖಣಖಣ ಸಪ್ಪಳ, ಮಾತು ಮಾತ್ರ ಮೆತ್ತಗೆ.

“ವಕೀಲಸಾಹೇಬ್ರ,” ಅಂದ, “ಅಷ್ಟು ಛಲೋ ಗಾಳಿ ಬಿಟ್ಟು ಇಲ್ಲಿಗ್ಯಾಕ ಬಂದ್ರಿ?”

ವಕೀಲರು ಕಿಸೆಯಿಂದ ಗಡಿಯಾರ ತೆಗೆದು ನೋಡಿದರು. ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ಆದರೂ ಮುಂದೆ ನಡೆದುಬಿಟ್ಟರು.

ಚಾಚಾ ನನ್ನ ಕಡೆ ತಿರುಗಿದ. “ಬರೇ ಗಾಳಿ ತಿಂದು ಹೊಟ್ಟಿ ತುಂಬಲಿಲ್ಲ ಕಾಣ್ತೈತಿ, ತಮ್ಮಾ.”

ನೆರೆಹೊರೆ

ಮೂರನೇ ದರ್ಜೆಯ ಡಬ್ಬಿಯಲ್ಲಿ ಕೂತವನಿಗೆ ಒಂಟಿತನ ಎಂಬ ರೋಗ ಬರಲಾರದು. ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಯಲ್ಲಿ, ಒಬ್ಬನ ಗಂಟು ಇನ್ನೊಬ್ಬನ ತೊಡೆಯ ಮೇಲೆ. ಇಷ್ಟೊಂದು ಹತ್ತಿರ ಇದ್ದೂ ದೂರ ಇರುವ ವಿದ್ಯೆ ನಮ್ಮವರಿಗೆ ಮಾತ್ರ ಗೊತ್ತು.

ಗೋಪನಕೊಪ್ಪದ ಕಡೆಯಿಂದ ಒಬ್ಬ ಮುದುಕಿ ದಿನಾ ಬರುತ್ತಿದ್ದಳು. ಊರ ಹೊರಗಿನ ಕೇರಿಯವಳು. ತಾನೇ ಕಟ್ಟಿದ ಕಸಬರಿಗೆಗಳನ್ನು ಹೊತ್ತು ಧಾರವಾಡದ ಓಣಿಗಳಲ್ಲಿ ಮಾರುವಳು. ನಾನೂ ಚಾಚಾನೂ ಅವಳನ್ನು ಆಯಿ ಎನ್ನುತ್ತಿದ್ದೆವು. ಉಳಿದವರು ಏನೂ ಅನ್ನುತ್ತಿರಲಿಲ್ಲ, ಸರಿದು ನಿಲ್ಲುತ್ತಿದ್ದರು.

ಒಂದು ದಿನ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಡಬ್ಬಿ ಹತ್ತಿದರು. ಹಣೆತುಂಬ ವಿಭೂತಿ, ಮೈಮೇಲೆ ಹೊಸ ಧೋತರ. ಮಗಳಿಗೆ ವರ ನೋಡಲು ಹೊರಟಿದ್ದರು. ಆಯಿ ಬಾಕಿನ ಹಲಗೆಯ ಮೇಲೆ ಕೂತಿದ್ದಳು.

“ಏ ಮುದುಕಿ, ಬಾಕಿನ ಮ್ಯಾಲಿಂದ ಏಳು. ಕೆಳಗ ಕೂಡು.”

“ಟಿಕೀಟ ತಗೊಂಡೀನ್ರೀ ಯಪ್ಪಾ.”

“ಟಿಕೀಟ ಇರೂದು ಗಾಡಿಗೆ. ಬಾಕಿಗೆ ಅಲ್ಲ.”

ನಾನು ಅಂಗಿಯ ತೋಳು ಮಡಚಿ ಎದ್ದೆ. ಆಯಿ ನನ್ನನ್ನೇ ತಡೆದಳು. “ನೀ ಸುಮ್ನ ಕೂಡಪ್ಪಾ. ನಿನ್ನ ಭಾಷಣ ಕೇಳೂದಕ್ಕಿಂತ ಕೆಳಗ ಕೂಡೂದು ಹಗರ ಐತಿ.” ಕೆಳಗೆ ಕೂತಳು.

ಸಾಹುಕಾರರು ಕೂಡಲು ಹೋದರೆ ಬಾಕಿನ ಮೇಲೆ ಬೆರಳದ್ದುವಷ್ಟು ಮಸಿ. ಹೊಸ ಧೋತರ, ಮುಂದೆ ಬೀಗರ ಮನೆ. ಅತ್ತಿತ್ತ ನೋಡಿದರು, ಆಯಿಯ ಹೊರೆ ಕಂಡಿತು.

“ಒಂದು ಬಾರಿಗಿ ಕೊಡು ಇಲ್ಲಿ. ಝಾಡಿಸಿ ಕೊಡ್ತೀನಿ.”

“ಬ್ಯಾಡ್ರಿ ಧಣಿ. ನಾ ಕುಂತ್ರ ಕೆಡೂ ಬಾಕು, ನಾ ಕಟ್ಟಿದ ಬಾರಿಗಿ ಆಡಿಸಿದ್ರ ಉಳೀತೈತೇನು?”

“ಬಾರಿಗಿಗೆ ಎಂಥಾ ಮೈಲಿಗಿ! ನಮ್ಮ ದೇವರ ಮನ್ಯಾಗ ಕಸ ಹೊಡಿಯೂದು ಇಂಥಾದ್ರಿಂದನ.”

ಆಯಿ ಒಂದು ಕಸಬರಿಗೆಯನ್ನು ಅವರ ಮುಂದೆ ಚಾಚಿದಳು. “ಹಂಗಾದ್ರ ಮುಂದಿನ ಜನ್ಮಕ್ಕ ಬಾರಿಗಿ ಆಗೇ ಹುಟ್ಟತೀನಿ ಬಿಡ್ರಿ. ದೇವರ ಮನಿ ಒಳಗರ ಹೋಗಬಹುದು.”

ನೀರು

ಮುಂಬಯಿಯವರಿಗೆ ಸಮುದ್ರ ಒಂದೇ. ನಮ್ಮ ಬಡ ಸ್ಟೇಶನ್ನಿನಲ್ಲಿ ನೀರು ಎರಡು ತರಹ. ಒಂದು ಮಣ್ಣಿನ ಹರವಿಯ ಮೇಲೆ ‘ಹಿಂದೂ ನೀರು’ ಎಂದು ಹಲಗೆ, ಇನ್ನೊಂದರ ಮೇಲೆ ‘ಮುಸಲ್ಮಾನ ನೀರು’ ಎಂದು ಹಲಗೆ. ಎರಡಕ್ಕೂ ಬೇರೆ ಬೇರೆ ನೀರಿನವರು. ಮುಂಜಾನೆ ಇಬ್ಬರೂ ಕೂಡಿಯೇ ಮಾಲುಗಾಡಿಗಳ ಹಿಂದಿನ ಒಂದೇ ನಳಕ್ಕೆ ಹೋಗಿ, ಒಂದೇ ಬೀಡಿ ಹಂಚಿಕೊಂಡು ಸೇದಿ, ಕೊಡ ತುಂಬಿ ತರುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದೇನೆ. ನೀರಿಗೆ ಜಾತಿ ಬರುವುದು ಹರವಿಯೊಳಗೆ ಬಿದ್ದ ಮೇಲೆ.

ಒಂದು ಸುಡುಬಿಸಿಲಿನ ದಿನ ಆಯಿ ನಾಲಿಗೆ ಒಣಗಿ ಹಿಂದೂ ಹರವಿಯ ಮುಂದೆ ಬಂದು ಬೊಗಸೆ ಒಡ್ಡಿದಳು.

“ದೂರ ಸರಿ,” ಅಂದ ನೀರಿನವ. “ನಿನಗ ಹಾಕಿದ್ರ ಈ ಮಂದಿ ನನ್ನ ನೌಕರಿ ತಗೀತಾರ.”

ಆಚೆಯ ಹರವಿಯವ ಕರೆದ. “ಇಲ್ಲಿ ಬಾ ಆಯಿ. ನಾ ಹಾಕ್ತೀನಿ.”

ಆಯಿ ಆ ಕಡೆಗೆ ಹೆಜ್ಜೆ ಇಟ್ಟಳೋ ಇಲ್ಲವೋ, ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ಮಂದಿಯೆಲ್ಲ ಒಮ್ಮೆಲೇ ಎದ್ದರು. “ಏ, ಅಲ್ಲಿ ಕುಡಿಬ್ಯಾಡ! ನೀ ನಮ್ಮಾಕಿ! ನಮ್ಮ ಧರ್ಮದಾಕಿ!” ಆ ಹತ್ತಿ ಸಾಹುಕಾರರ ದನಿ ಎಲ್ಲರಿಗಿಂತ ದೊಡ್ಡದು.

ಆಯಿ ಎರಡು ಹರವಿಗಳ ನಡುವೆ ಬೊಗಸೆ ಒಡ್ಡಿಕೊಂಡೇ ನಿಂತಳು. ಆಮೇಲೆ ಆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಲು ಒಂದು ಹನಿಯೂ ಇರಲಿಲ್ಲ.

“ಚೊಲೋ ಆತು ಬಿಡ್ರಿ,” ಅಂದಳು. “ಕುಡಿಯಾಕ ನಾ ಹಿಂದೂ ಅಲ್ಲ. ಕುಡೀಲಾರದಂಗ ಇರಾಕ ಹಿಂದೂ.”

ಸಂಘ

ಮರುದಿನ ಚಾಚಾ ಆಯಿಗೆ ಒಂದು ಹೊಸ ತಗಡಿನ ಲೋಟ ತಂದುಕೊಟ್ಟ. “ತಗೋ ಆಯಿ. ನಿನ್ನ ನೀರು ಬಂದ ದಿನಾ ಇದರಾಗ ಕುಡಿ.” ಆಯಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡಳು. ದಿನಾ ಕಟ್ಟಿಕೊಂಡು ಬರುವಳು, ದಿನಾ ಒಣಗಿದ್ದನ್ನೇ ಒಯ್ಯುವಳು.

ಆ ಲೋಟ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸ್ಟೇಶನ್ನಿನ ಫಲಾಟಿನ ಮೇಲೆ ಎಲ್ಲರಿಗೂ ಕೂಡಿ ಒಂದು ನಳ ಬೇಕು ಎಂದು ಅರ್ಜಿ ಬರೆದೆ. ರೈಲಿನ ಸಾಹೇಬ ಅದನ್ನು ಓದದೆಯೇ ಮರಳಿಸಿದ. ಒಬ್ಬೊಬ್ಬರ ಅರ್ಜಿ ನಡೆಯುವುದಿಲ್ಲ, ಪ್ರಯಾಣಿಕರ ಸಂಘದ ಅಧ್ಯಕ್ಷರ ಸಹಿ ಬೇಕು. ಅಧ್ಯಕ್ಷರು ಯಾರು? ನಮ್ಮ ವಕೀಲರು.

“ಸಹಿ ಮಾಡಂಗಿಲ್ಲ,” ಅಂದರು. “ಇವತ್ತ ನಳಾ ಒಂದಾತು ಅಂದ್ರ ನಾಳೆ ತಾಟೂ ಒಂದಾಗ್ತದ. ಧರ್ಮ ಉಳಿಯೂದು ಹ್ಯಾಂಗ?”

“ಎಲ್ಲಾ ಜಾತಿಯವರ ಫೀಜು ಒಂದ ಕಿಸೇದಾಗ ಇಟ್ಕೋತೀರಲ್ಲರೀ?”

“ರೊಕ್ಕ ಬ್ಯಾರೆ, ನೀರು ಬ್ಯಾರೆ. ರೊಕ್ಕ ಯಾರೂ ಕುಡ್ಯಾಂಗಿಲ್ಲ.”

ಸಹಿ ಸಿಗಲಿಲ್ಲ. ಬಾಕಿನ ಮೇಲೆ ಹತ್ತಿ ನಿಂತು ಭಾಷಣ ಸುರು ಮಾಡಿದೆ. ಮುಂಜಾನೆ ಕೂಗಿದೆ, ಸಂಜೆ ಕೂಗಿದೆ. ಧರ್ಮವನ್ನು ಹರವಿಯಲ್ಲಿ ಮುಚ್ಚಿಟ್ಟವರೇ, ಎಂದೆ. ಮುಚ್ಚಿಟ್ಟದ್ದು ಹಳಸುತ್ತದೆ, ಎಂದೆ. ಕೆಲವರು ಚಪ್ಪಾಳೆ ತಟ್ಟಿದರು, ಹೆಚ್ಚಿನವರು ಗಾಡಿ ಬಂದೊಡನೆ ಓಡಿದರು. ಕಡೆಗೊಂದು ದಿನ ಗಂಟಲು ಕಟ್ಟಿ ಮಾತೇ ನಿಂತಿತು, ಕೆಮ್ಮು ಹತ್ತಿತು. ಸ್ಟೇಶನ್ ಮಾಸ್ತರರು ಗಾಬರಿಯಾಗಿ ಓಡಿ ಬಂದರು. ಒಳ್ಳೆಯ ಮನುಷ್ಯ.

“ನೀರು ಬೇಕೇನ್ರಿ?” ಎಂದು ಕೇಳಿದರು.

ಹೌದೆಂದು ತಲೆ ಆಡಿಸಿದೆ.

“ಯಾವ ಹರವಿದು?”

ಇಂಜಿನ್ನು

ಸುಖಗಳಲ್ಲಿ ದೊಡ್ಡದು ಎಂದರೆ ಗಾಡಿ ನಡುದಾರಿಯಲ್ಲಿ ನಿಲ್ಲುವುದು. ಆಗ ಎರಡನೇ ದರ್ಜೆಯೂ ಮೂರನೇ ದರ್ಜೆಯೂ ಒಂದೇ ಬಿಸಿಲಿನಲ್ಲಿ ಬೇಯುತ್ತವೆ.

ಆ ದಿನ ಉಣಕಲ್ ದಾಟಿದ ಮೇಲೆ ಗಾಡಿ ನಿಂತಿತು. ಮುಂದೆ ಮಾಲುಗಾಡಿಯ ಒಂದು ಡಬ್ಬಿ ಹಳಿ ತಪ್ಪಿತ್ತು. ಹತ್ತಿರ ಗಿಡವಿಲ್ಲ, ಬಾವಿಯಿಲ್ಲ. ಯಾರ ಹತ್ತಿರವೂ ಹನಿ ನೀರಿಲ್ಲ. ಬಹಳ ಹೊತ್ತಾದ ಮೇಲೆ ವಕೀಲರು ಬರಿದಾದ ಬೆಳ್ಳಿ ತಂಬಿಗೆ ಹಿಡಿದು ಇಳಿದರು. ಕೋಟು ಬಿಚ್ಚಿದ್ದರು, ರುಮಾಲು ಬಿಚ್ಚಿದ್ದರು, ಮುಂಬಯಿಯ ಮಾತು ಮಾತ್ರ ಬಿಚ್ಚಲಿಲ್ಲ. ನೆಟ್ಟಗೆ ಇಂಜಿನ್ನಿನ ಕಡೆಗೆ ನಡೆದರು. ನಾನೂ ಚಾಚಾನೂ ಹಿಂದೆ ಹೋದೆವು.

“ಡ್ರೈವರ್ ಸಾಹೇಬ್ರ, ಕುಡ್ಯಾಕ ಒಂದೀಟು ನೀರು…”

ಡ್ರೈವರ್ ಗೋವಾದ ಕಿರಿಸ್ತಾನ. “ಇಂಜಿನ್ನಿನ ನೀರು ಉಂಟು. ಸುಡ್ತದೆ,” ಅಂದ.

“ಸುಡ್ಲಿ.”

ಬೆಂಕಿಗೆ ಕಲ್ಲಿದ್ದಲು ಹಾಕುವ ಹುಡುಗ, ಮುಖವೆಲ್ಲ ಮಸಿ, ಒಂದು ತಿರುಗಣೆ ತಿರುವಿದ. ಹೊಗೆಯಾಡುವ ನೀರು ತಂಬಿಗೆಗೆ ಬಿತ್ತು. ಆ ಬಿಸಿಲಿನಲ್ಲಿ ವಕೀಲರು ಆ ಬಿಸಿನೀರನ್ನು ಊದಿ ಊದಿ ಕುಡಿದರು. ಒಳಗೆ ಹೋದದ್ದಕ್ಕಿಂತ ಹೆಚ್ಚು ಬೆವರಾಗಿ ಹೊರಗೆ ಬಂತು. ತಿರುಗಿದಾಗ ನಾವು ಕಂಡೆವು.

“ಇದು ಮೈಲಿಗಿ ಅಲ್ಲ,” ಅಂದರು, ನಾವು ಏನೂ ಕೇಳುವ ಮೊದಲೇ. “ಬೆಂಕ್ಯಾಗ ಕುದ್ದ ನೀರು. ಅಗ್ನಿಶುದ್ಧ.”

“ಖರೇ ಮಾತ್ರಿ ಸಾಹೇಬ್ರ,” ಅಂದ ಚಾಚಾ. “ಕುದಿಸಿದ್ದು ಅಗ್ನಿ. ಹಾಕಿದಾವ ನಮ್ಮ ತಂಗಿ ಮಗಾ.”

ಮಸಿಮುಖದ ಹುಡುಗ ಬೆಳ್ಳನ್ನ ಹಲ್ಲು ತೋರಿಸಿ ಸಲಾಮು ಹೊಡೆದ.

ನನ್ನ ಅಂಗಿಯ ಕಿಸೆಯಲ್ಲಿ ಅರ್ಜಿ ಯಾವಾಗಲೂ ಇರುತ್ತಿತ್ತು. ತೆಗೆದೆ. “ಈಗ ಹೇಳ್ರಿ. ನಾಳೆ ಕೋರ್ಟಿನ ಕಟ್ಟಿ ಮ್ಯಾಲೆ ನಿಂತು ಈ ಅಗ್ನಿಶುದ್ಧದ ಸುದ್ದಿ ಹೇಳ್ಲ್ಯೋ, ನೀವು ಸಹಿ ಹಾಕ್ತೀರೋ?”

ವಕೀಲರು ಅರ್ಜಿಯನ್ನು ಇಂಜಿನ್ನಿನ ಮೂತಿಯ ಮೇಲಿಟ್ಟು ಸಹಿ ಹಾಕಿದರು. “ಆಪತ್ಕಾಲಕ್ಕ ದೋಷ ಇಲ್ಲ ಅಂತ ಶಾಸ್ತ್ರನ ಹೇಳ್ತದ,” ಎಂದು ಗೊಣಗಿದರು.

“ಬರೋಬ್ಬರಿ ಹೇಳ್ತೈತ್ರಿ,” ಅಂದೆ. “ನಿಮಗ ಇವತ್ತೊಂದಿನ ಆಪತ್ಕಾಲ. ನಮ್ಮ ಆಯಿಗೆ ಹುಟ್ಟಿದಾಗಿಂದ.”

ನಳ

ಅಂತೂ ನಳ ಬಂತು. ನಳ ಬಂದೊಡನೆ ಅದಕ್ಕೆ ತಂದೆಯೂ ಹುಟ್ಟಿದ. ವಕೀಲರು ತಾವೇ ಉದ್ಘಾಟನೆ ಎಂದು ಸಾರಿದರು. ಮಾವಿನ ತೋರಣ, ಹೂವಿನ ಮಾಲೆ, ಮುಂದಿನ ಸಾಲಿನಲ್ಲಿ ವಿಭೂತಿಯ ಹತ್ತಿ ಸಾಹುಕಾರರು. ಮೊದಲು ಅಧ್ಯಕ್ಷರು ಕುಡಿಯುವುದು, ಆಮೇಲೆ ಸಾಹುಕಾರರು, ಆಮೇಲೆ ಮಾನವಂತರು, ಹೀಗೆ ಸಾಲು ಗೊತ್ತಾಗಿತ್ತು. ಎಲ್ಲರಿಗೂ ಒಂದೇ ಎಂದು ಬಂದ ನಳಕ್ಕೆ ಬಾಲವೊಂದು ಬೆಳೆದಿತ್ತು. ಬಾಲದ ತುದಿಯಲ್ಲಿ ಆಯಿ, ಸೊಂಟದಲ್ಲಿ ಲೋಟ. ಅವಳ ಕಸಬರಿಗೆಯ ಹೊರೆಯನ್ನು, ಶೋಭೆ ಕೆಡುತ್ತದೆಂದು, ಯಾರೋ ನಳದ ಹಿಂದೆ ಒಗೆದಿದ್ದರು.

ನಾನು ಬಾಯಿ ತೆರೆದೆ. “ನಿನ್ನ ಪಾಳಿ ಆಮ್ಯಾಲೆ,” ಎಂದು ಕೂಡಿಸಿದರು.

ವಕೀಲರು ತಮ್ಮ ದೀರ್ಘ ಹೋರಾಟದ ಕಥೆ ಹೇಳಿದರು. ಇಂಜಿನ್ನು ಅದರಲ್ಲಿ ಬರಲಿಲ್ಲ. ಕಡೆಗೆ ಮುಂಬಯಿಯೂ ಬಂದು ಹೋದ ಮೇಲೆ, ಬೆಳ್ಳಿ ತಂಬಿಗೆ ಒಡ್ಡಿ ನಳ ತಿರುವಿದರು.

ಫುಸ್ಸ್ ಎಂದಿತು. ಇನ್ನೂ ತಿರುವಿದರು. ಇನ್ನೂ ಜೋರಾಗಿ ಫುಸ್ಸ್ ಎಂದಿತು. ಅವರ ಕೊರಳಿನ ಮಾಲೆಯ ಎಸಳುಗಳು ಅಲ್ಲಾಡಿದವು. ನೀರಿನ ಹನಿಯಿಲ್ಲ.

ಚಾಚಾ ಕಣ್ಣು ಮುಚ್ಚಿ ಮುಖವನ್ನು ನಳದ ಕಡೆ ಒಡ್ಡಿದ. “ಆಹಾ! ಬಂತ್ರಿ ಸಾಹೇಬ್ರ, ನಿಮ್ಮ ಮುಂಬಯಿ ಗಾಳಿ!”

ನಗೆಗೆ ತೋರಣವೇ ಹರಿದು ಬೀಳಬೇಕು. ಅಷ್ಟರಲ್ಲಿ ಗಾಡಿ ಸಿಳ್ಳು ಹಾಕಿತು. ಮಾನವಂತರ ಸಾಲು ಒಡೆದು ಡಬ್ಬಿಗಳ ಕಡೆ ಓಡಿತು. ನಳದ ಬಾಯಿ ತಿರುವಿ ಮುಚ್ಚುವುದು ಯಾರಿಗೂ ನೆನಪಾಗಲಿಲ್ಲ. ಆಯಿ ಒಬ್ಬಳೇ ನಳದ ಹಿಂದೆ ಬಾಗಿ, ಚೆಲ್ಲಿದ ಕಸಬರಿಗೆಗಳನ್ನು ಆರಿಸುತ್ತಿದ್ದಳು.

“ಆಯೀ, ಲಗೂ ಬಾ! ಗಾಡಿ ಬಿಡಾಕತ್ತೈತಿ!” ಚಾಚಾ ಬಾಗಿಲಲ್ಲಿ ನಿಂತು ಕೂಗಿದ.

ಆಗ ನಳ ಕೆಮ್ಮಿತು. ಮೊದಲು ಕೆಂಪು ನೀರು, ಆಮೇಲೆ ತಿಳಿನೀರು, ಧೋ ಎಂದು ಸುರಿಯತೊಡಗಿತು. ಆಯಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬೇಡ ಎನ್ನುವವರೆಲ್ಲ ಗಾಡಿಯೊಳಗಿದ್ದರು, ಗಾಡಿ ಹೊರಟಿತ್ತು. ಅವಳು ಕಸಬರಿಗೆಗಳನ್ನು ಕೆಳಗಿಟ್ಟಳು. ಸೊಂಟದ ಲೋಟ ಬಿಚ್ಚಿದಳು. ತುಂಬಿದಳು, ಕುಡಿದಳು. ಮತ್ತೆ ತುಂಬಿದಳು.

ಎರಡನೇ ದರ್ಜೆಯ ಕಿಡಕಿಯಿಂದ ಮಾಲೆಯ ಸಮೇತ ವಕೀಲರ ತಲೆ ಹೊರಗೆ ಬಂತು. “ಏ ಮುದುಕೀ! ಮುಟ್ಟಬ್ಯಾಡ! ಉದ್ಘಾಟನಾ ಇನ್ನ ಆಗಿಲ್ಲಾ!”

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಈ ಸಲ ಒರೆಸಲು ನೀರಿತ್ತು. ಲೋಟ ಮೇಲೆತ್ತಿ ತೋರಿಸಿ, ಓಡುವ ಗಾಡಿಗೆಲ್ಲ ಕೇಳುವಂತೆ ಕೂಗಿದಳು:

“ಆತ್ರೀ ಯಪ್ಪಾ! ನೀರು ಛಲೋ ಐತಿ. ಸಂಜೀಕ ನೀವೂ ಬಂದು ಕುಡೀರಿ, ಏನೂ ಕೆಟ್ಟಿಲ್ಲ!”