ದುಂಡು ಸಹಿ

ಹೊಂಗೆಮರದ ಕೆಳಗಿದ್ದ ಕಲ್ಲುಬೆಂಚು ಕೀಳಿಸಿ ಅಲ್ಲಿ ತನ್ನ ಕಾರು ನಿಲ್ಲಿಸಿದ ಹೊಸ ಮ್ಯಾನೇಜರ್ ರೇಣುಕಪ್ರಸಾದ್. 'ಇನ್ನು ಮೇಲೆ ಅವರವರ ಮಿಷನ್ ಹತ್ತಿರವೇ ಊಟ ಮಾಡತಕ್ಕದ್ದು' ಎಂಬ ನೋಟಿಸು ಬೇರೆ. ಕಡೂರಿನ ಆ ತೆಂಗಿನನಾರಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಹನ್ನೆರಡು ಡಬ್ಬಿಗಳು ಒಟ್ಟಿಗೆ ಬಿಚ್ಚಿಕೊಳ್ಳುತ್ತಿದ್ದದ್ದು ಆ ಬೆಂಚಿನ ಮೇಲೆ. ನಾರಿನ ಧೂಳಿನಲ್ಲಿ ಒಬ್ಬೊಬ್ಬರೇ ಕೂತು ಉಣ್ಣಲು ಅವರೇನು ಜೈಲಿನಲ್ಲಿದ್ದರೇ?

"ಯೋಗಣ್ಣ, ಸಂಘದಲ್ಲಿ ಈಗ ನೀನೇ ಹಿರಿಯ. ಅರ್ಜಿ ಬರಿ. ಮೊದ್ಲ ಸಹಿ ನಿಂದೇ" ಎಂದ ಜೊತೆಗಾರ ಜವರಯ್ಯ.

ಯೋಗಾನಂದ ಪೆನ್ನನ್ನು ಜೇಬಿನೊಳಕ್ಕೆ ತಳ್ಳಿದ. ಹೋದ ವರ್ಷ ಮೊದಲ ಸಹಿ ಹಾಕಿದ್ದ ಪುಟ್ಟಯ್ಯ ಮೂರೇ ದಿನಕ್ಕೆ ತರೀಕೆರೆಗೆ ಎತ್ತಂಗಡಿಯಾಗಿದ್ದ. ಈಗ ಅಜ್ಜಂಪುರದಲ್ಲಿ ಹೊಸ ಘಟಕ ಬೇರೆ ಬಾಯಿ ತೆರೆದು ಕೂತಿತ್ತು.

ಆಗ ನೆನಪಾದವರು ತೀರಿಹೋದ ಚನ್ನಬಸಪ್ಪ ಮೇಸ್ತ್ರಿ. ತರೀಕೆರೆಯಲ್ಲಿ ಅವನಿಗೆ ಕೆಲಸ ಕಲಿಸಿದವರು, ಸಂಘ ಕಟ್ಟಿದವರು, ಜಾತಿ ಗೀತಿ ನೋಡದೆ ಎಲ್ಲರ ಡಬ್ಬಿಗೂ ಕೈಹಾಕಿ ಉಂಡವರು. "ದುಂಡಗೆ ಸಹಿ ಹಾಕ್ರಲಾ! ದುಂಡಿಗೆ ತಲೆ ಎಲ್ಲಿ, ಬಾಲ ಎಲ್ಲಿ? ಯಾರ್ನ ಹಿಡೀತಾರೆ?" ಎನ್ನುತ್ತಿದ್ದರು. ಅಂಥ ಮನುಷ್ಯರು ಈಗ ಎಲ್ಲಿದ್ದಾರೆ!

ಯೋಗಾನಂದ ತನ್ನ ಊಟದ ಡಬ್ಬಿಯ ಮುಚ್ಚಳವನ್ನು ಹಾಳೆಯ ಮೇಲಿಟ್ಟು ವೃತ್ತ ಎಳೆದ. ಸುತ್ತಲೂ ಹನ್ನೆರಡು ಸಹಿ ಸೂರ್ಯಕಾಂತಿಯ ಎಸಳಿನಂತೆ ಅರಳಿದವು. ಮ್ಯಾನೇಜರ್ ಬರುವ ಮೊದಲೇ ಅವನ ಕೋಣೆಗೆ ನುಗ್ಗಿ ಅರ್ಜಿಯನ್ನು ಮೇಜಿನ ಮೇಲಿಟ್ಟ. ಫ್ಯಾನಿನ ಗಾಳಿಗೆ ಅದು ಎರಡು ಸಲ ಗಾಳಿಪಟವಾಯಿತು. ಕೈಯಲ್ಲಿದ್ದದ್ದನ್ನು ಅದರ ಮೇಲೆ ಹೇರಿ ಓಡಿಬಂದ.

ಮಧ್ಯಾಹ್ನ ಚೀಲಕ್ಕೆ ಕೈಹಾಕಿದರೆ ಡಬ್ಬಿಗೆ ಮುಚ್ಚಳವಿಲ್ಲ. ನಾರು ಮೆತ್ತಿಕೊಂಡು ಮುದ್ದೆಗೆ ಗಡ್ಡ ಬಂದಿತ್ತು.

"ಅಯ್ಯಯ್ಯೋ! ಅದ್ರ ಮೇಲೆ ಹೆಸರು ಹಾಕ್ಸೈತೆ ಕಣ್ರೋ! 'ಯೋಗಾನಂದನ ಮದುವೆಗೆ, ಚನ್ನಬಸಪ್ಪ, ತರೀಕೆರೆ' ಅಂತ!" ಎಂದು ಯೋಗಾನಂದ ತಲೆ ಚಚ್ಚಿಕೊಂಡ.

"ಹನ್ನೆರಡು ಜನ ದುಂಡಗೆ ನಿಂತ್ರೆ ನೀನೊಬ್ನೇ ಹೋಗಿ ನಡುಮಧ್ಯೆ ಕೂತ್ಕಂಡ್ಯಲ್ಲಣ್ಣ!" ಎಂದ ಜವರಯ್ಯ.

ಮುಚ್ಚಳ ಎತ್ತಿಕೊಂಡು ಬಾ ಎಂದು ಟೀ ಕೊಡುವ ನೆಪದಲ್ಲಿ ತಮ್ಮಲ್ಲೊಬ್ಬಳಾದ ಹುಲಿಯಮ್ಮನನ್ನು ಒಳಗೆ ಕಳಿಸಿದರು. ಅವಳು ಬರಿಗೈಲಿ ಬಂದಳು. "ಅದನ್ನೇ ಹಿಡ್ಕಂಡು ನೋಡ್ತಾ ಕೂತವ್ರೆ ಕಣಪ್ಪಾ. ಕಣ್ಣು ಕೆಂಪಗವೆ. ನಿನ್ನೇ ಕರೀತಾವ್ರೆ."

ಯೋಗಾನಂದ ಒಳಗೆ ಹೋದ. "ಮುಚ್ಚಳ ಮಾತ್ರ ನಂದು ಸಾರ್. ಬೆಂಚು ಎಲ್ರದ್ದೂ."

"ಚನ್ನಬಸಪ್ಪ ನಿಮಗೆ ಏನಾಗ್ಬೇಕು?"

"ಕೆಲಸ ಕಲಿಸಿದ ಮೇಸ್ತ್ರಿ ಸಾರ್. ತಂದೆ ಇದ್ದಂಗೆ."

"ನನಗೆ ತಂದೆಯೇ" ಎಂದ ಮ್ಯಾನೇಜರ್, ಕಣ್ಣೊರೆಸಿಕೊಳ್ಳುತ್ತ. ಹಾಸ್ಟೆಲ್ಲುಗಳಲ್ಲೇ ಓದಿ ಬೆಳೆದ ಆ ಮಗನನ್ನು ಯೋಗಾನಂದ ಕಂಡೇ ಇರಲಿಲ್ಲ. "ದುಂಡು ಸಹಿ ನೋಡಿದಾಗ್ಲೇ ಅಪ್ಪ ನೆನಪಾದ್ರು. ಬೆಂಚು ನಾಳೆನೇ ಹಾಕಿಸ್ತೀನಿ."

ಯೋಗಾನಂದನ ಎದೆಯಲ್ಲಿ ವಾಲಗ ಊದಿದಂತಾಯಿತು.

"ಅಪ್ಪ ಪಳಗಿಸಿದ ಆಳು ಅಂದ್ರೆ ಕಣ್ಣುಮುಚ್ಚಿ ನಂಬಬಹುದು. ಅಜ್ಜಂಪುರಕ್ಕೆ ಅಂಥೋರನ್ನೇ ಹುಡುಕ್ತಿದ್ದೆ. ನಾಳೆಯಿಂದ ನೀವು ಅಲ್ಲಿ ಸೂಪರ್‌ವೈಸರ್!"

"ಬ್ಯಾಡ ಸಾರ್! ಕಾಲಿಗ್ಬೀಳ್ತೀನಿ!"

"ನೋಡಿ, ಅಪ್ಪನೂ ಹಿಂಗೇ, ದೊಡ್ಡ ಕೆಲಸ ಕೊಟ್ರೆ ಬೇಡ ಅನ್ನೋರು."

"ಹೋಗ್ಲಿ, ಮುಚ್ಚಳನಾದ್ರೂ..."

"ಇದು ನನ್ನ ಹತ್ರ ಇರ್ಲಿ. ಮನೇಲಿ ಅಪ್ಪನ ಹೆಸರಿರೋ ಒಂದು ಸಾಮಾನೂ ಉಳಿದಿಲ್ಲ."

ಸಂಜೆ ಹೊಂಗೆಮರದ ಕೆಳಗಿಂದ ಕಾರು ಸರಿಯಿತು. ಯಾರು ಎಲ್ಲಿ ಕೂರುವುದೆಂದು ಹನ್ನೊಂದು ಜನ ಆಗಲೇ ಜಗಳಕ್ಕೆ ನಿಂತಿದ್ದರು. ಹುಲಿಯಮ್ಮ ಕೂಗಿದಳು: "ನಿನ್ನ ಜಾಗ ಯಾರ್ಗೂ ಕೊಡಲ್ಲ ಕಣಪ್ಪಾ. ಅಲ್ಲಿ ನನ್ನ ಚಟ್ನಿ ಡಬ್ಬಿ ಇಡ್ತೀನಿ!"

ಮನೆಯಲ್ಲಿ ಹೆಂಡತಿ ಭಾಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮೇಸ್ತ್ರಿಯ ಮಗನ ಕತೆಗೆ ಲೊಚಗುಟ್ಟಿದಳು, ಸೂಪರ್‌ವೈಸರ್ ಎಂದಾಗ ಹುಬ್ಬೇರಿಸಿದಳು. ಆಮೇಲೆ ಡಬ್ಬಿ ತೊಳೆಯಲು ಕೈಗೆತ್ತಿಕೊಂಡಳು.

"ಅದೆಲ್ಲ ಸರಿ ಕಣ್ರೀ. ಮುಚ್ಚಳ ಎಲ್ಲಿ?"