ಚಿಕ್ಕಪ್ಪನ ಬ್ಲಾಗಿನ ನಾಯಿ

ನಾಯಿಗಳ ವಿಷಯದಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವ ಪಂಡಿತ ಇಡೀ ಚಳ್ಳಕೆರೆ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಇದು ನನ್ನ ಮಾತಲ್ಲ, ಅವನ ಬ್ಲಾಗಿನ ಓದುಗರ ಮಾತು. ನಾನು ಹೇಳಬೇಕಾದದ್ದು ಇಷ್ಟೇ: ಈ ಪಂಡಿತ ಎದುರಿಗೆ ನಾಯಿ ಬಂದರೆ ಪಕ್ಕದಲ್ಲಿ ನಿಂತ ಆಟೋ ಹತ್ತಿ ಕೂತುಬಿಡುತ್ತಿದ್ದ! "ಎಲ್ಲಿಗೆ ಸಾರ್?" ಎಂದು ಆಟೋದವನು ಕೇಳಿದರೆ, "ಎಲ್ಲಿಗೂ ಬ್ಯಾಡ, ಅದು ಹೋಗೋವರ್ಗೂ ಇಲ್ಲೇ ಇರು" ಎನ್ನುತ್ತಿದ್ದ. ಇಂಥವನ ಅಣ್ಣನ ಮಗಳಾಗಿ ಹುಟ್ಟಿ ಅದೇ ಊರಿನಲ್ಲಿ ತಲೆಯೆತ್ತಿಕೊಂಡು ಓಡಾಡುವುದೆಂದರೆ ಹುಡುಗಾಟವೇ?

ಚಿಕ್ಕಪ್ಪನದು ಶೇಂಗಾ ಎಣ್ಣೆಯ ಸಣ್ಣ ಮಿಲ್ಲು. ಮನೆಯಿಂದ ಮಿಲ್ಲಿಗೆ ಹೋಗುವ ದಾರಿಯ ಒಂದೊಂದು ನಾಯಿಯ ಕುಲ, ಗೋತ್ರ, ಮುಂಗೋಪ, ಊಟದ ಹೊತ್ತು, ನಿದ್ದೆಯ ಹೊತ್ತು ಎಲ್ಲವೂ ಅವನಿಗೆ ಬಾಯಿಪಾಠ. ತಿಳಿಯದಿದ್ದರೆ ಮಿಲ್ಲು ಮುಟ್ಟುವುದು ಹೇಗೆ? ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡುವವರಿಗೂ ಅಷ್ಟು ತಿಳಿದಿರಲಿಕ್ಕಿಲ್ಲ.

ಎರಡು ಸಾವಿರದ ಏಳೋ ಎಂಟೋ ಇಸವಿ. ನಾನು ಊರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಒಂದು ದಿನ ಮೈಯೆಲ್ಲ ಹಿಂಡಿಯ ವಾಸನೆ ಹೊತ್ತು ಚಿಕ್ಕಪ್ಪ ಬಂದ. ಪರದೆಯ ಮೇಲೆ ಯಾರದೋ ಕನ್ನಡ ಬ್ಲಾಗು ತೆರೆದಿತ್ತು. "ಇದ್ರಾಗೆ ಯಾರು ಬೇಕಾದ್ರೂ ಬರೀಬೋದಾ?" ಎಂದ. ಹೂಂ ಎಂದೆ. ಆ ಒಂದು ಹೂಂಕಾರಕ್ಕೆ ನಾನು ಎರಡು ವರ್ಷ ಪಶ್ಚಾತ್ತಾಪ ಪಟ್ಟಿದ್ದೇನೆ!

ಅವನು ಹೇಳಬೇಕು, ನಾನು ಟೈಪು ಮಾಡಬೇಕು. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಅವನ ಗಂಟಲಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ನನ್ನ ವಿದ್ಯಾರ್ಥಿಗಳೆಲ್ಲ ಸಾಲಾಗಿ ಕೂತಿರುವಾಗ ಇವನು ಎದ್ದು ನಿಂತು ಶುರುಮಾಡುವನು: "ಬಸ್‌ಸ್ಟ್ಯಾಂಡಿನ ಕುಂಟ ಕರಿಯ ದಾವಣಗೆರೆ ಬಸ್ಸಿಗೆ ಬೊಗಳಲ್ಲ. ಬಳ್ಳಾರಿ ಬಸ್ಸು ಕಂಡ್ರೆ ಬಿಡಲ್ಲ. ಕಾರಣ ಆ ಕುಂಟಿನಾಗೇ ಐತೆ. ಹಾಕವ್ವ, ಫುಲ್‌ಸ್ಟಾಪು!" ಹುಡುಗಿಯರು ದುಪಟ್ಟಾ ಬಾಯಿಗೊತ್ತಿ ನಗುತ್ತಿದ್ದರು. ನನಗೋ ಕಂಪ್ಯೂಟರಿನ ಹಿಂದಿನ ವೈರುಗಳ ನಡುವೆ ಹೋಗಿ ಅಡಗಿಕೊಳ್ಳೋಣ ಎನ್ನಿಸುತ್ತಿತ್ತು.

ಬರೆಯುವುದು ಹೇಗೋ ಸಹಿಸಬಹುದಿತ್ತು. ಓದುಗರ ಉಪಚಾರ ಮಾತ್ರ ನನ್ನ ಪ್ರಾಣ ಹಿಂಡಿತು. ಬ್ಲಾಗಿಗೆ ಬಂದವರೆಂದರೆ ಚಿಕ್ಕಪ್ಪನ ಲೆಕ್ಕದಲ್ಲಿ ಮನೆಗೆ ಬಂದವರು. "ಬಂದೋರ್ನ ಮಾತಾಡಿಸ್ದೆ ಕಳಿಸ್ತಾರೇನವ್ವಾ?" ಎಂದು ಒಬ್ಬೊಬ್ಬರಿಗೂ ಉತ್ತರ ಕೊಡಿಸುತ್ತಿದ್ದ: ಊಟ ಆಯ್ತೇ, ಯಾವೂರು, ಯಾರ ಪೈಕಿ, ಮಳೆ ಹೆಂಗೈತೆ. ಒಬ್ಬ ಮಹಾರಾಯ ಹೆಸರು ಹಾಕದೆ, "ನಿನಗೆ ಮಾಡಲು ಬೇರೆ ಕೆಲಸ ಇಲ್ಲವಾ?" ಎಂದು ಬರೆದ. ಚಿಕ್ಕಪ್ಪ ಬರೆಸಿದ ಉತ್ತರ: "ಐತೆ ಸ್ವಾಮಿ. ಎಣ್ಣೆ ಮಿಲ್ಲು ಐತೆ. ಈ ಕಡೆ ಬಂದ್ರೆ ಖಂಡಿತ ಬರ್ರಿ. ಊಟ ಆಯ್ತಾ?" ಆ ಬೈದವನು ಮರುದಿನ ಊಟ ಆಯಿತೆಂದು ತಿಳಿಸಿದ! ಆಮೇಲೆ ಖಾಯಂ ಗಿರಾಕಿಯಾದ. ಚಳ್ಳಕೆರೆಯಲ್ಲೇ ಬಟ್ಟೆ ಅಂಗಡಿ ಇಟ್ಟವನಂತೆ.

ಇನ್ನೊಮ್ಮೆ ಇಂಗ್ಲಿಷಿನಲ್ಲಿ ಒಂದು ಜಾಹೀರಾತು ಬಂದು ಬಿತ್ತು, ಯಾವುದೋ ಗುಳಿಗೆಯದು. ಅಳಿಸಲು ಹೊರಟೆ. "ಏನಂತೆ ಪಾಪ?" ಎಂದ. ಮಾತ್ರೆ ಮಾರುತ್ತಾರಂತೆ ಎಂದೆ. "ಯಾತುಕ್ಕೆ ಮಾತ್ರೆ?" ಮದುವೆಯಾಗದ ಹುಡುಗಿ ನಾನು, ಆ ಮಾತ್ರೆ ಯಾತಕ್ಕೆಂದು ಚಿಕ್ಕಪ್ಪನಿಗೆ ಹೇಗೆ ಹೇಳಲಿ? ಶಕ್ತಿಗೆ ಎಂದು ಗೊಣಗಿದೆ. "ನಮಗ್ಯಾರಿಗೂ ಸದ್ಯ ಬ್ಯಾಡ, ನಿಮ್ ಚಿಕ್ಕಮ್ಮಂಗೆ ಮಂಡಿನೋವು, ಅದಕ್ಕಾಗುತ್ತಾ ಕೇಳು" ಎಂದು ಇಡೀ ಕೊಠಡಿಗೆ ಕೇಳುವ ಹಾಗೆ ಬರೆಸಿದ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿದ್ದು ಆವತ್ತೇ.

ಹೀಗಿರುವಾಗ ಮೊಳಕಾಲ್ಮೂರಿನ ಓದುಗರೊಬ್ಬರು, ರೇಷ್ಮೆ ಸೀರೆ ನೇಯಿಸಿ ಮಾರುವವರು, ಒಂದು ಪ್ರಶ್ನೆ ಕೇಳಿದರು: "ನಿಮ್ಮ ಮನೆಯ ನಾಯಿಯ ಹೆಸರೇನು?" ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ಗೋಡೆ ನೋಡಿದ. "ರಾಜ ಅಂತ ಹಾಕು" ಎಂದ. "ಯಾವ ರಾಜ ಚಿಕ್ಕಪ್ಪ? ನಮ್ಮನೇಲಿ ಬೆಕ್ಕೂ ಇಲ್ಲ!" "ಹಾಕವ್ವ, ಸುಮ್ನೆ." ಅಲ್ಲಿಗೆ ಇಲ್ಲದ ನಾಯಿಯೊಂದು ಹುಟ್ಟಿತು. ಓದುಗರು ಬರೀ ರಾಜನ ಸುದ್ದಿಯನ್ನೇ ಕೇಳತೊಡಗಿದರು. ಕೆಂದು ಬಣ್ಣ, ಒಂದು ಕಿವಿ ಮಡಚಿದೆ, ಮುದ್ದೆ ಹಾಕಿದರೆ ಮೂಸಿ ನೋಡಿ ಮಜ್ಜಿಗೆಗೆ ಕಾಯುತ್ತದೆ ಎಂದೆಲ್ಲ ಚಿಕ್ಕಪ್ಪ ತಡವರಿಸದೆ ಬರೆಸುತ್ತಿದ್ದ. ಎಣ್ಣೆಯಲ್ಲಿ ಒಂದು ತೊಟ್ಟು ಬೆರಕೆ ಮಾಡದ ಮನುಷ್ಯ ಇಷ್ಟು ಸಲೀಸಾಗಿ ಸುಳ್ಳು ಹೇಳುವುದು ಕಂಡು ನನಗೆ ಅವಮಾನವೇ ಆಯಿತು.

ಅದೇ ಮೊಳಕಾಲ್ಮೂರಿನವರು ಒಂದು ದಿನ, ತಮ್ಮ ತಾಯಿಯ ಮುದ್ದಿನ ನಾಯಿ ಸತ್ತಿತೆಂದೂ ಮುದುಕಿ ಸರಿಯಾಗಿ ಊಟ ಮಾಡುತ್ತಿಲ್ಲವೆಂದೂ ಬರೆದರು. ಚಿಕ್ಕಪ್ಪ ಎದ್ದ. "ನಡಿಯವ್ವ, ಮಾತಾಡಿಸ್ಕೊಂಡು ಬರಾಣ." ಸಾವಾದ ಮನೆಗೆ ಹೋಗಿ ಮಾತಾಡಿಸುವುದು ನಮ್ಮಲ್ಲಿ ಉಂಟು. ನಾಯಿ ಸತ್ತ ಮನೆಗೆ ಯಾರಾದರೂ ಹೋಗುತ್ತಾರೆಯೇ? ಅದೂ ಇಂಥ ಧೀರರು? "ಸತ್ತ ನಾಯಿ ಕಚ್ಚಲ್ಲ, ನಡಿ" ಎಂದ.

ಆ ಮನೆಯ ನಡುವೆಯೇ ಮಗ್ಗ. ಮಗ್ಗದ ಕೆಳಗೆ, ನೇಯುವವರು ಕಾಲಿಳಿಬಿಟ್ಟು ಕೂರುವ ಗುಂಡಿ. ಚಿಕ್ಕಪ್ಪ ಚಾಪೆಯ ಮೇಲೆ ಕೂತು, ಸತ್ತ ನಾಯಿಯ ಗುಣಗಾನ ಶುರುಮಾಡಿ, ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದ ಆ ಗಳಿಗೆಯಲ್ಲಿ ಹಿತ್ತಲಿನಿಂದ ಸತ್ತ ನಾಯಿಯ ಮಗ ನುಗ್ಗಿದ! ಕರುವಿನಷ್ಟು ಎತ್ತರ. ನಾನು ತಿರುಗಿ ನೋಡುವಷ್ಟರಲ್ಲಿ ಚಿಕ್ಕಪ್ಪ ಚಾಪೆಯ ಮೇಲಿರಲಿಲ್ಲ. ಮಗ್ಗದ ಗುಂಡಿಯಲ್ಲಿ, ನೇಯುತ್ತಿದ್ದವನ ಮಡಿಲಲ್ಲಿದ್ದ! ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಕಿತ್ತುಬಂದವು. ನೇಕಾರ "ಅಯ್ಯೋ ದೇವುಡಾ!" ಎಂದು ಕೂಗಿಕೊಂಡ. ಅರ್ಧ ನೇಯ್ದ ಮದುವೆ ಸೀರೆಯ ಮೇಲಿಂದ ಚಿಕ್ಕಪ್ಪನ ತಲೆಯೊಂದೇ ಕಾಣುತ್ತಿತ್ತು. ನಾನು ಯಾರ ಮುಖವನ್ನೂ ನೋಡದೆ ನೆಲ ನೋಡುತ್ತ ಕೂತೆ.

ಅಜ್ಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾಯಿ ಸತ್ತ ಮೇಲೆ ನಕ್ಕಿದ್ದು ಅದೇ ಮೊದಲಂತೆ. "ಏಮಯ್ಯಾ, ಭಯಮಾ? ನಿಮ್ಮನೇಲಿ ರಾಜ ಅದಾನಲ್ಲ!" ಎಂದಳು, ಆ ಗಡಿಯೂರಿನ ತೆಲುಗು ಬೆರೆಸಿ.

ಗುಂಡಿಯೊಳಗಿಂದ ಉತ್ತರ ಬಂತು: "ರಾಜ ಒಬ್ನೇ ಕಣವ್ವ ನನಗೆ ಒಗ್ಗಿರೋನು."

"ಹಂಗಾರೆ ನಿನ್ ರಾಜನ್ನ ನೋಡ್ಲೇಬೇಕು. ಬರೋ ಭಾನುವಾರ ಚಳ್ಳಕೆರೆಗೆ ಬರ್ತೀವಿ."

ವಾಪಸು ಬರುವ ಬಸ್ಸಿನಲ್ಲಿ ಚಿಕ್ಕಪ್ಪ ತಲೆ ಮೇಲೆ ಕೈಹೊತ್ತು ಕೂತ. ನಿಜ ಹೇಳಿಬಿಡು ಎಂದೆ. "ಹೆಂಗ್ ಹೇಳ್ಲಿ? ಇಷ್ಟು ಜನ ನಂಬ್ಯಾರೆ. ಸುಳ್ಗಾರ ಅಂತ ಒಬ್ರೂ ಈ ಕಡೆ ತಲೆ ಹಾಕಲ್ಲ" ಎಂದ. ಅವನಿಗೆ ಮಕ್ಕಳಿರಲಿಲ್ಲ. ಮಿಲ್ಲು ಬಿಟ್ಟರೆ ಈ ಓದುಗರೇ ಅವನ ಬಳಗ. ಅವರು ಹೋದರೆ ಉಳಿಯುವುದು ಹಿಂಡಿಯ ಚೀಲ ಮಾತ್ರ. ಮರುದಿನ ಕೇಂದ್ರಕ್ಕೆ ಬಂದು ರಾಜನನ್ನು ಸಾಯಿಸಿಬಿಟ್ಟ. "ನಮ್ಮ ರಾಜ ಇನ್ನಿಲ್ಲ. ಹಾಕವ್ವ" ಎಂದಾಗ ಅವನ ಧ್ವನಿ ನನಗೆ ಕೂಡ ಸರಿಯಾಗಿ ಕೇಳಲಿಲ್ಲ. ಪೀಡೆ ತೊಲಗಿತು, ಇನ್ನು ಯಾರೂ ನೋಡಲು ಬರುವುದಿಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಬರುವುದಿಲ್ಲವೇ? ಎಂಥ ಪೆದ್ದರು ನಾವು! ನಾಯಿ ಸತ್ತ ಮನೆಗೆ ಹೋಗಿ ಮಾತಾಡಿಸಬೇಕೆಂದು ಓದುಗರಿಗೆ ಕಲಿಸಿದವನು ಯಾರು?

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಮನೆಯ ಮುಂದೆ ಚಪ್ಪಲಿಗಳ ಸಾಲು. ತಳಕು ಊರಿನಿಂದ ಒಬ್ಬ ಮೇಷ್ಟ್ರು, ಲಾರಿ ರಿಪೇರಿ ಮಾಡುವ ಭಾಯಿ, ಬೈದಿದ್ದ ಬಟ್ಟೆ ಅಂಗಡಿಯವನು, ಮಗನ ಕೈ ಹಿಡಿದು ಮೊಳಕಾಲ್ಮೂರಿನ ಅಜ್ಜಿ. ಎಲ್ಲರೂ ಸಪ್ಪೆ ಮುಖ ಮಾಡಿಕೊಂಡು ಬಂದು ಕೂತರು. ಬ್ಲಾಗೆಂದರೇನೆಂದೇ ತಿಳಿಯದ ಚಿಕ್ಕಮ್ಮ ನೀರಿನ ತಂಬಿಗೆ ಹಿಡಿದು ಬಂದಳು.

"ಬಹುತ್ ಅಫ್ಸೋಸ್ ಆಯ್ತಮ್ಮಾ" ಎಂದ ಭಾಯಿ. "ಕೊನೇಗೆ ಏನಾದ್ರೂ ತಿಂದ್ನಾ?"

"ಯಾರು?" ಎಂದಳು ಚಿಕ್ಕಮ್ಮ.

"ರಾಜ."

"ಯಾವ್ ರಾಜ?"

ನಾನು ಅಡುಗೆಮನೆಗೆ ಓಡಿ ಬಾಗಿಲ ಹಿಂದೆ ನಿಂತೆ. ಇವರೆಲ್ಲ ಎದ್ದು ಛೀಮಾರಿ ಹಾಕುವುದೊಂದು ಬಾಕಿ! ಅಷ್ಟರಲ್ಲಿ ಮೇಷ್ಟ್ರು ಚಿಕ್ಕಪ್ಪನನ್ನು ಮೆಲ್ಲಗೆ ಕೇಳಿದರು: "ಎಲ್ಲಿ ಮಣ್ಣು ಮಾಡಿದ್ರಿ?"

ಯಾವುದಾದರೂ ಜಾಗದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಚಿಕ್ಕಪ್ಪ ಹೇಳಲಿಲ್ಲ.

"ಮಣ್ಣು ಮಾಡ್ಲಿಲ್ಲ ರೀ" ಎಂದ. "ಎಳ್ಕೊಂಡು ಹೋಗಿ ತಿಪ್ಪೆ ಆಚೆ ಬಿಸಾಕಿದ್ರು. ರಾಜ ಈಗ ಸತ್ತಿದ್ದಲ್ಲ. ನಾನು ಎಂಟೊಂಬತ್ತು ವರ್ಷದೋನಿದ್ದಾಗ್ಲೇ ಸತ್ತ. ಅದು ಉಣ್ಣೋವಾಗ ತಟ್ಟೆ ಎಳ್ದೂ ಎಳ್ದೂ ಆಟ ಆಡಿಸ್ತಿದ್ದೆ. ಒಂದಿನ ಕೈಗೆ ಬಾಯಿ ಹಾಕ್ತು. ಅಪ್ಪ ಕೇಳಿದ್ರೆ, ಸುಮ್ನೆ ನಿಂತಿದ್ದೋನಿಗೆ ಕಡೀತು ಅಂದೆ. ಹುಚ್ಚು ಹಿಡ್ದೈತೆ ಅಂತ ದೊಣ್ಣೆ ತಗಂಡ್ರು. ಹೊಡೆಯೋವಾಗ ಅದು ಬೇರೆ ಎಲ್ಲಿಗೂ ಓಡ್ಲಿಲ್ಲ ರೀ, ನನ್ ಕಾಲ ಸಂದಿಗೇ ಬಂತು. ಆಗ್ಲೂ ನಾನು ಬಾಯಿ ಬಿಡ್ಲಿಲ್ಲ. ಅವತ್ತಿಂದ ಯಾವ್ ನಾಯಿ ಎದುರಿಗೆ ಬಂದ್ರೂ ನನಗೆ ಅದರ ಮುಖ ನೋಡಾಕಾಗಲ್ಲ."

ಇಷ್ಟು ವರ್ಷ ಇವನನ್ನು ಪುಕ್ಕಲ ಎಂದುಕೊಂಡಿದ್ದೆ. ಇವನು ನಾಚಿಕೆಯಿಂದ ಆಟೋ ಹತ್ತುತ್ತಿದ್ದ ಎಂದು ಆಗ ತಿಳಿಯಿತು. ನನಗೆ ದುಃಖ ಉಕ್ಕಿಬಂತು. ಹೊರಗೆ ಬಂದು ಅವನ ಪಕ್ಕದಲ್ಲಿ ಕೂತೆ.

ಅಜ್ಜಿ ಕೇಳಿದಳು: "ಅವತ್ತು ನಿನ್ನ ಮಾತಾಡ್ಸಾಕೆ ಯಾರೂ ಬರ್ಲಿಲ್ವಾ?"

"ನಾಯಿಗೆ ಯಾರ್ ಬರ್ತಾರವ್ವ" ಎಂದ ಚಿಕ್ಕಪ್ಪ.

"ಈಗ ಬಂದೀವಲ್ಲಪ್ಪಾ" ಎಂದು ಅವಳು ಅವನ ಕೈ ಹಿಡಿದುಕೊಂಡಳು. ಐವತ್ತು ದಾಟಿದ ಗಂಡಸು ಎಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತ.

ತುಸು ಹೊತ್ತು ಕೂತಿದ್ದು ಎಲ್ಲರೂ ಎದ್ದರು. ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ "ಬರ್ತೀವಿ" ಅನ್ನುವುದಿಲ್ಲ. ಮೇಷ್ಟ್ರು ಸುಮ್ಮನೆ ಚಪ್ಪಲಿ ಮೆಟ್ಟಿದರು. ಭಾಯಿ ಚಿಕ್ಕಪ್ಪನ ಹೆಗಲು ಮುಟ್ಟಿ ನಡೆದ. ಬಟ್ಟೆ ಅಂಗಡಿಯವನು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ. ಅಜ್ಜಿ ಮಗನ ಕೈ ಹಿಡಿದು ಮೆಟ್ಟಿಲಿಳಿದಳು. ಒಬ್ಬರೂ ಬರ್ತೀವಿ ಅನ್ನಲಿಲ್ಲ.